ಜೋಡಿ ವಾದ್ಯದ ಅಲೆ

ಪರದೇಶದ ಕಿಸ್ಟಾ ಎಂಬ ಊರಿನ ಆಫೀಸಿನಲ್ಲಿ ನಾನು ಸದ್ದು ಅಳೆಯುವ ಕೆಲಸದಲ್ಲಿದ್ದೆ. ಅದು ತಿಳಿದು, ನನ್ನ ಮನೆಯ ಮೇಲಿನ ಮಹಡಿಯಲ್ಲಿದ್ದ ಬಾಲಿ ದ್ವೀಪದ ಹೆಂಗಸು ತಮ್ಮ ಜೋಡಿ ವಾದ್ಯಗಳನ್ನು ರೆಕಾರ್ಡ್ ಮಾಡಿಕೊಡಲು ಕರೆದರು. ಅವರನ್ನು ಎಲ್ಲರೂ ಇಬು, ಅಂದರೆ ಅಮ್ಮ, ಎನ್ನುತ್ತಿದ್ದರು.

ಎರಡೂ ಕಂಚಿನ ಪಟ್ಟಿಗಳ ವಾದ್ಯಗಳು. ಒಂದರ ಶ್ರುತಿಯನ್ನು ಬೇಕೆಂದೇ ಕೂದಲೆಳೆಯಷ್ಟು ಏರಿಸಿರುತ್ತಾರೆ. ಎರಡೂ ಒಟ್ಟಿಗೆ ನುಡಿದಾಗ ಮಾತ್ರ ನಾದ ಅಲೆಯಂತೆ ನಡುಗುತ್ತದೆ. ಜೋಡಿಯ ಇನ್ನೊಂದನ್ನು ನುಡಿಸುತ್ತಿದ್ದ ಅವರ ಅಣ್ಣ ಎದುರು ಕೂತು, ಏನನ್ನೂ ಬರೆಸದೆ, ಕೈ ತೋರಿಸಿಯೇ ಕಲಿಸಿದ್ದನಂತೆ. ಅವನು ಈಚೆಗೆ ತೀರಿಕೊಂಡಿದ್ದ.

"ನನ್ನ ಪಾಲಿನ ಅರ್ಧ ಹಾಡನ್ನ ಯಾರಿಗೆ ಕಲಿಸಲಿ? ನೀನು ರೆಕಾರ್ಡ್ ಮಾಡಿದ ಮೇಲೆ ಮ್ಯೂಸಿಯಂಗೆ ಕೊಟ್ಬಿಡ್ತೀನಿ," ಎಂದರು.

ಅಣ್ಣನ ವಾದ್ಯ ತಾನಾಗಿ ಮಿಡಿಯದಂತೆ ದಪ್ಪ ಕಂಬಳಿ ಹೊದಿಸಿದೆ. ಇಬು ತಮ್ಮ ಪಾಲನ್ನಷ್ಟೇ ನುಡಿಸಿದರು. ಹೆಡ್‌ಫೋನಿನಲ್ಲಿ ನಾದ ನಡುಗುತ್ತಿತ್ತು. ಮೈಕ್ ಬದಲಿಸಿದೆ, ಕಂಬಳಿ ಬಿಗಿದೆ. ಅಲೆ ಹೋಗಲಿಲ್ಲ.

ಹೆಡ್‌ಫೋನ್ ಅವರಿಗೆ ಕೊಟ್ಟೆ. ಸ್ವಲ್ಪ ಹೊತ್ತು ಕೇಳಿ, ಎದ್ದು ಹೋಗಿ ಕಂಬಳಿ ತೆಗೆದರು.

"ಉಸಿರು ಕಟ್ಟಿರುತ್ತೆ ಅವನಿಗೆ. ಬಾ, ಅಣ್ಣನ ಜಾಗದಲ್ಲಿ ಕೂತ್ಕೋ."

"ನನಗೇನೂ ಬರಲ್ಲ, ಇಬು."

"ನನ್ನ ಕೈ ನೋಡು. ನಿನ್ನದನ್ನ ನೋಡ್ಬೇಡ."

ಮರದ ಸುತ್ತಿಗೆ ಹಿಡಿದು ಒಂದಷ್ಟು ಹೊತ್ತು ತಡವರಿಸಿದೆ. ಆಮೇಲೆ ಅವರು ನುಡಿಸುವುದನ್ನು ನಿಲ್ಲಿಸಿದರು.

"ನೀನೀಗ ನುಡಿಸ್ತಿರೋ ಭಾಗಾನ ನಾನಿನ್ನೂ ಹೇಳ್ಕೊಟ್ಟಿಲ್ಲ," ಎಂದರು.

ನನ್ನ ಕೈ ಇನ್ನೂ ನುಡಿಸುತ್ತಿತ್ತು.

ವಾದ್ಯಗಳು ಮ್ಯೂಸಿಯಂಗೆ ಹೋಗಲಿಲ್ಲ. ಪ್ರತಿ ಶನಿವಾರ ನಾನು ಅಭ್ಯಾಸಕ್ಕೆ ಹೋಗುತ್ತೇನೆ. ತಪ್ಪಿದರೆ ಇಬು ನನ್ನನ್ನು ಬೈಯುತ್ತಾರೆ. ಸರಿಯಾದರೆ ಅಣ್ಣನನ್ನು ಹೊಗಳುತ್ತಾರೆ.