ಎರಡು ಹೆಸರಿನ ಮೇಡಂ

ನಮ್ಮ ಮೇಡಂ ಅವರ ತುರುಬಿನಲ್ಲಿ ಹೂವಿಗಿಂತ ಹೆಚ್ಚಾಗಿ ಕೆಂಪು ಇಂಕಿನ ಪೆನ್ನೇ ಇರುತ್ತಿತ್ತು. ಪಾಠ ಕಾವೇರಿದಾಗ ಅದನ್ನು ಸರಕ್ಕನೆ ಕಿತ್ತು, ಯಾರದಾದರೂ ಪುಸ್ತಕದ ಒಂದು ಸಾಲು ಹೊಡೆದುಹಾಕುತ್ತಿದ್ದರು. ತುರುಬು ಬಿಚ್ಚಿ ಬೆನ್ನಿಗೆ ಬಿದ್ದರೂ ಪರಿವೆ ಇರುತ್ತಿರಲಿಲ್ಲ.

ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ನಮಗೆ ಡೇಟಾಬೇಸ್ ಕಲಿಸಿದವರು ಅವರು. ಬೇರೆ ಬೇರೆ ಕಡೆಯ ದಾಖಲೆಗಳನ್ನು ಒಟ್ಟುಗೂಡಿಸಿದಾಗ ಅವು ಒಂದಕ್ಕೊಂದು ಜಗಳಕ್ಕೆ ನಿಂತರೆ, ತರ್ಕದಿಂದ ಉತ್ತರ ತೆಗೆಯುವುದು ಹೇಗೆಂಬುದು ಅವರ ಮೆಚ್ಚಿನ ಪಾಠ.

"ಒಂದು ಪಟ್ಟೀಲಿ ನೀನು ದೊಡ್ಡಬೆಳವಂಗಲದೋನು, ಇನ್ನೊಂದ್ರಲ್ಲಿ ತ್ಯಾಮಗೊಂಡ್ಲು. ಯಾವೂರು ಅಂದ್ರೆ ಉತ್ತರ ಇಲ್ಲ. ಬೆಂಗಳೂರು ಗ್ರಾಮಾಂತರದೋನಾ ಅಂತ ಕೇಳು. ಇದನ್ನ ಹೊಡ್ದಾಕಿದ್ರೂ ಹೌದು, ಅದನ್ನ ಹೊಡ್ದಾಕಿದ್ರೂ ಹೌದು. ಅಷ್ಟನ್ನೇ ನಂಬು ಕಣೋ."

ಓದು ಮುಗಿಸಿ ಅದೇ ಡೇಟಾಬೇಸ್ ಕೆಲಸಕ್ಕೆ ಸೇರಿದ ಮೇಲೂ ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಕಾಫಿ ಅವರದು, ಮಾತೆಲ್ಲ ನನ್ನದು: ನನ್ನ ಪ್ರೋಗ್ರಾಂ, ನನ್ನ ಬಡ್ತಿ, ನನ್ನ ಮ್ಯಾನೇಜರ್. ಅವರು "ಆಮೇಲೆ?" ಎನ್ನುತ್ತ ಕೂರುತ್ತಿದ್ದರು.

ಅಂಥದೊಂದು ಭಾನುವಾರ ಜ್ವರದಿಂದ ಎಚ್ಚರ ತಪ್ಪಿದ್ದ ಅವರನ್ನು ನಾನೇ ಆಸ್ಪತ್ರೆಗೆ ಕರೆದೊಯ್ದೆ. ಅವರ ಫೋನ್ ನಂಬರ್ ಹಾಕಿದರೆ ಕಂಪ್ಯೂಟರಿನಲ್ಲಿ ಎರಡು ಹೆಸರು ಬಂದವು, ಎರಡು ಕ್ಲಿನಿಕ್‌ಗಳಿಂದ ಬಂದ ದಾಖಲೆಗಳು. ಕಾಲೇಜಿನ ಹೆಸರಿನಲ್ಲಿ ಪೆನಿಸಿಲಿನ್ ಒಗ್ಗುವುದಿಲ್ಲ, ಸಲ್ಫಾ ಮಾತ್ರೆ ಒಗ್ಗುತ್ತದೆ. ನಾನು ಕೇಳೇ ಇರದ ಇನ್ನೊಂದು ಹೆಸರಿನಲ್ಲಿ ಎಲ್ಲ ತಿರುಗಾಮುರುಗಾ.

"ಯಾವ್ದು ಸರಿ? ನಿಮಗೆ ಗೊತ್ತಿರ್ಬೇಕಲ್ವಾ?" ಎಂದರು ಡಾಕ್ಟರು. ನನಗೆ ಗೊತ್ತಿರಲಿಲ್ಲ. ಥಟ್ಟನೆ ಪಾಠ ನೆನಪಾಗಿ, "ಎರಡರಲ್ಲಿ ಯಾವುದ್ರಲ್ಲೂ ಬೇಡ ಅಂದಿಲ್ಲದ ಔಷಧಿ ಕೊಡಿ ಸಾರ್" ಎಂದೆ. ಅವರು ಒಪ್ಪಿ, ಅವೆರಡೂ ಅಲ್ಲದ ಮೂರನೆಯದನ್ನು ಬರೆದರು.

ಮೇಡಂ ಚೇತರಿಸಿಕೊಂಡ ಮೇಲೆ ಇದನ್ನು ಬೀಗುತ್ತ ಹೇಳಿದೆ. ಅವರು ನಕ್ಕರು.

"ಎರಡೂ ನನ್ನ ಹೆಸ್ರೇ ಕಣೋ. ನಮ್ಮತ್ತೇದೂ ನಂದೂ ಒಂದೇ ಹೆಸ್ರು. ಮನೇಲಿ ಅತ್ತೆ ಹೆಸ್ರು ಹಿಡಿದು ಕೂಗೋಕಾಗತ್ತಾ? ಅದಕ್ಕೇ ಮದ್ವೆ ಆದ್ಮೇಲೆ ಬೇರೆ ಇಟ್ರು. ಪೆನಿಸಿಲಿನ್ನೇ ಆಗಲ್ಲ ನಂಗೆ, ಇನ್ನೊಂದು ಕಡೆ ತಪ್ಪಾಗಿ ಬರ್ಕೊಂಡವ್ರೆ." ನನ್ನನ್ನೇ ನೋಡಿ ಹೇಳಿದರು: "ಲೆಕ್ಕ ಸರಿಯಾಗಿ ಮಾಡಿದ್ಯಪ್ಪ. ಆದ್ರೆ ಅದು ಗೊತ್ತಿಲ್ದೋರು ಮಾಡೋ ಲೆಕ್ಕ."

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಇನ್ನು ಮೇಲೆ ನನ್ನದನ್ನು ಬಿಟ್ಟು ಅವರ ಕಥೆ ಕೇಳಬೇಕು ಎಂದುಕೊಂಡೆ. ಮುಂದಿನ ಭಾನುವಾರ ಮತ್ತೆ ನನ್ನದೇ ಕಥೆ ಶುರುಮಾಡಿದೆ. ಅವರು ಮತ್ತೆ "ಆಮೇಲೆ?" ಎಂದರು.

ಕಳೆದ ವರ್ಷ ಮೇಡಂ ತೀರಿಕೊಂಡರು. ಅವರ ತಮ್ಮನ ಮಗ ಫೋನು ಮಾಡಿದ. "ಸಾರ್, ಫೋಟೋ ಕೆಳಗೆ ಯಾವ ಹೆಸ್ರು ಹಾಕ್ಸೋಣ? ಅತ್ತೆಗೆ ಯಾವ್ದು ಇಷ್ಟ ಅಂತ ನಿಮಗೇ ಗೊತ್ತಿರತ್ತೆ."

"ಎರಡೂ ಹಾಕ್ಸಿಬಿಡಪ್ಪ" ಎಂದೆ.