ಕಣ್ಣಂಚಿನ ಸೀರೆ

ಗೌರಮ್ಮ, ನಿಮ್ಮ ತಂದೆಯ ಕಣ್ಣಂಚಿನ ಸೀರೆಗೆ ಆ ಕೆಟ್ಟ ಹೆಸರು ಅಂಟಿಸಿದವನು ನಾನೇ. ಜನ ಹುಟ್ಟಿಸಿದ ಮಾತಲ್ಲ ಅದು — ಬುದ್ಧಿ ನೆಟ್ಟಗಿದ್ದಾಗಲೇ, ಯೋಚಿಸಿ, ನಾನು ಆಡಿದ ಮಾತು.

ಆಗ ನಮ್ಮ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ನಾನು ಮದರಾಸು ಪಟ್ಟಣದಲ್ಲೇ ಎಂ.ಕಾಂ. ಓದುತ್ತಿದ್ದೆ, ಓದಿಸುತ್ತಿದ್ದವರು ಜವಳಿ ಅಂಗಡಿಯ ನಮ್ಮ ಸೋದರಮಾವ. ಬೆಲೆ ಇಳಿಸದೆ ಒಂದು ಸರಕು ಇನ್ನೊಂದನ್ನು ಪೇಟೆಯಿಂದ ಹೇಗೆ ಸರಿಸುತ್ತದೆ, ನಿಮ್ಮ ಊರಲ್ಲೇ ನೋಡಿ ಬರೆದು ತನ್ನಿ ಎಂದು ಮೇಷ್ಟ್ರು ರಜೆಗೆ ಕಳಿಸಿದ್ದರು. ಮಾವನ ಸೀರೆಗಳು ಹೋಗುತ್ತಿರಲಿಲ್ಲ. ಮದುವೆಯವರೆಲ್ಲ ನಿಮ್ಮ ತಂದೆ ಚೌಡಯ್ಯನವರ ಮಗ್ಗದ ಮುಂದೆ — ಅಂಚಿನುದ್ದಕ್ಕೂ ಪುಟ್ಟ ಪುಟ್ಟ ನವಿಲುಗಣ್ಣು ನೇಯುತ್ತಿದ್ದವರು ಅವರೊಬ್ಬರೇ.

ಮೂಲ ಯಾರಿಗೂ ತಿಳಿಯಬಾರದೆಂದು ಮೈಸೂರು ಸೀಮೆಯ ಯಳಂದೂರಿಗೆ ಹೋಗಿ, ಬಳೆ ಮಾರುವ ಹೆಂಗಸೊಬ್ಬಳಿಗೆ ಹೇಳಿದೆ: "ಆ ಕಣ್ಣಂಚಿನ ಸೀರೆಲಿ ಧಾರೆ ಆದೋರ ಮನೇಲಿ ತೊಟ್ಲು ಕಟ್ಟಲ್ವಂತೆ ಕಣಮ್ಮ."

ಅಷ್ಟೇ. ಮಾತು ಎಷ್ಟು ದಿನಕ್ಕೆ ಊರಿಗೆ ವಾಪಸು ಬರುತ್ತದೆಂದು ಕಾದೆ. ಎಂಟನೇ ದಿನ ಬಂತು — ನಾನು ಹೇಳದೇ ಇದ್ದದ್ದನ್ನೂ ಕಟ್ಟಿಕೊಂಡು. ಲೊಕ್ಕನಹಳ್ಳಿಯಲ್ಲಿ ಆ ಸೀರೆಯುಟ್ಟು ಮದುವೆಯಾದವಳಿಗೆ ಮೂರು ಸಲ ಬಸುರು ನಿಲ್ಲಲಿಲ್ಲವಂತೆ. ಕಟ್ಟುಕತೆಯೆಂದು ನಗುತ್ತಲೇ ಹನೂರಿನ ಬಸ್ಸು ಹತ್ತಿ ಹುಡುಕಿಕೊಂಡು ಹೋದೆ.

ಅವಳಿದ್ದಳು. ಮಟಮಟ ಮಧ್ಯಾಹ್ನ, ಜಗಲಿಯ ಮೇಲೆ ಸೀರೆ ಹರವಿಕೊಂಡು, ಸೂಜಿಯಿಂದ ಒಂದೊಂದೇ ಕಣ್ಣು ಕೀಳುತ್ತಿದ್ದಳು. ಕಿತ್ತ ಜಾಗದ ತೂತುಗಳು ನನ್ನನ್ನೇ ನೋಡುತ್ತಿದ್ದವು. ಅವಳ ಮೂರು ಬಸುರೂ ಹೋದದ್ದು ನನ್ನ ಮಾತಿಗಿಂತ ಎಷ್ಟೋ ಮುಂಚೆ ಎಂದು ಪಕ್ಕದ ಮನೆಯವರಿಂದ ತಿಳಿಯಿತು. ಹಾಗಾದರೆ ನಾನು ಕಟ್ಟಿದ್ದು ಸುಳ್ಳೋ, ನನಗೇ ಗೊತ್ತಿಲ್ಲದ ನಿಜವೋ? ಅವಳನ್ನು ಮಾತಾಡಿಸದೆ ತಿರುಗಿ ಬಂದೆ.

ನಿಮ್ಮ ಮಗ್ಗ ನಿಂತಿತು. ಮಾಂಬಳ್ಳಿಯಿಂದ ನಿಮಗೆ ಬಂದಿದ್ದ ಸಂಬಂಧವೂ ಮುರಿಯಿತು. ಆ ಅಂಚು ನೇಯುವ ಮನೆಯ ಹುಡುಗಿ ಬೇಡವೆಂದರಂತೆ. ನೀವು ಒಂದು ಸೀರೆ ತಂದು ಅಂಗಡಿಯಲ್ಲಿ ನನ್ನ ಮುಂದಿಟ್ಟಿರಿ.

"ನೀವು ಓದಿರೋರು ಸಾ. ಇದು ಸುಳ್ಳು ಅಂತ ನಾಕು ಜನದ ಮುಂದೆ ಒಂದ್ ಮಾತು ಏಳಿ."

ನಾನು ಗಜಕೋಲು ಎತ್ತಿಕೊಂಡು ಪಕ್ಕದ ಗಿರಾಕಿಗೆ ಬಟ್ಟೆ ಅಳೆಯತೊಡಗಿದೆ. ಮನಸ್ಸು ಬಂದಾಗ ಹೇಳಿ ಎಂದು ಸೀರೆ ಅಲ್ಲೇ ಬಿಟ್ಟು ಹೋದಿರಿ. ಅದನ್ನು ಮಾದರಿಯೆಂದು ಪ್ರಬಂಧದ ಜೊತೆಗಿಟ್ಟು, ಜನರ ಅಭಿರುಚಿ ತಾನಾಗಿ ಬದಲಾಯಿತೆಂದು ಬರೆದೆ. ತರಗತಿಗೇ ಮೊದಲಿಗನಾದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಪ್ರಬಂಧದ ಜೊತೆ ವಾಪಸು ಬಂದ ಆ ಸೀರೆ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಮೊನ್ನೆ ನನ್ನ ಮಗಳು ಅದನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡು, ಧಾರೆಗೆ ಇದನ್ನೇ ಉಡುತ್ತೇನಪ್ಪ ಎಂದಳು. ಬೇಡ ಎಂದೆ. ಯಾಕೆ ಎಂದಳು. ಯಳಂದೂರಿನಲ್ಲಿ ಆಡಿದ್ದ ಮಾತೇ, ಒಂದಕ್ಷರ ತಪ್ಪದೆ, ನನ್ನ ಬಾಯಿಂದ ಬಂತು. ಹೇಳುವಾಗ ನಾನು ಅದನ್ನು ನಂಬಿದ್ದೆ, ಗೌರಮ್ಮ.

ನಾಳೆ ಮಗಳನ್ನು ಕರೆದುಕೊಂಡು ನಿಮ್ಮ ಬೀದಿಗೆ ಬರುತ್ತೇನೆ. ಅಂದು ನೀವು ಕೇಳಿದ ಒಂದು ಮಾತನ್ನು ನಾಲ್ಕು ಜನರ ಮುಂದೆ ಹೇಳುತ್ತೇನೆ. ನೀವು ಬಾಗಿಲು ತೆಗೆಯಲೇಬೇಕೆಂದಿಲ್ಲ.