ಮೀನಿನ ನೀರು ಮೀನಿಗೇ

ಮುಂಬೈಯ ಭಾಂಡುಪ್‌ನ ಶೆಟ್ರ ಹೋಟೆಲಿನಲ್ಲಿ ಗಲ್ಲಾದ ಪಕ್ಕ ಒಂದು ದೊಡ್ಡ ಅಕ್ವೇರಿಯಂ ಇದೆ. ವಾರಕ್ಕೊಮ್ಮೆ ಹೋಗಿ ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿದ್ದ ಹಳೇ ಗೋಲ್ಡ್ ಫಿಶ್‌ಗಳು ಶೆಟ್ರ ಬೆರಳು ಕಂಡರೆ ಸಾಕು, ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

ಹೊಸ ಮೀನು ತಂದಾಗ ಸೀದಾ ಅವುಗಳ ಜೊತೆ ಬಿಡಬೇಡಿ, ರೋಗವಿದ್ದರೆ ಎಲ್ಲಕ್ಕೂ ಹಬ್ಬುತ್ತದೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಈ ಸಲ ಶೆಟ್ರು ಹೂಂ ಅಂದರು. ಸ್ಟೋರ್ ರೂಮಿನಲ್ಲಿ ಈರುಳ್ಳಿ ಮೂಟೆಗಳ ಪಕ್ಕ ಸಣ್ಣ ಟ್ಯಾಂಕ್ ಇಟ್ಟು ಹೊಸ ಮೀನುಗಳನ್ನು ಅದರಲ್ಲಿ ಬಿಟ್ಟೆ. ಬಲೆ ಬೇರೆ, ಪೈಪ್ ಬೇರೆ. ದಿನಾ ಸ್ವಲ್ಪ ನೀರು ತೆಗೆದು ಹೊಸ ನೀರು ತುಂಬಿಸುವ ಕೆಲಸವನ್ನು ಅಡುಗೆಯ ಸಂಜೀವಣ್ಣನಿಗೆ ಒಪ್ಪಿಸಿದೆ.

"ಇವಕ್ಕೆ ಬಾಣಂತನವಾ ಮಾರಾಯ?" ಎಂದು ಅವರು ನಕ್ಕರು.

ಮುಂದಿನ ವಾರ ಹೋದರೆ ಹೊಸ ಮೀನುಗಳ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಗಲ್ಲಾದ ಪಕ್ಕದ ಹಳೆಯವುಗಳ ಮೇಲೂ ಅದೇ.

"ಸಂಜೀವಣ್ಣ, ತೆಗೆದ ನೀರು ಎಲ್ಲಿ ಚೆಲ್ಲಿದ್ರಿ?"

"ಚೆಲ್ಲುವುದಾ!" ಅವರಿಗೆ ಸಿಟ್ಟೇ ಬಂತು. "ಟ್ಯಾಂಕರ್ ಬಾರದಿದ್ರೆ ಇಲ್ಲಿ ಇಡ್ಲಿಗೂ ನೀರಿಲ್ಲ. ಒಂದು ಹನಿ ಹಾಳು ಮಾಡ್ಲಿಲ್ಲ ನಾನು. ದೊಡ್ಡ ಟ್ಯಾಂಕಿಗೇ ಹಾಕಿದೆ. ಮೀನಿನ ನೀರು ಮೀನಿಗೇ ಅಲ್ವಾ?"

ಮದ್ದು ಹಾಕಿದೆ, ಹೀಟರ್ ಹಾಕಿದೆ. ಹಳೆಯವು ಒಂದೊಂದಾಗಿ ಹೋದವು. ಶೆಟ್ರು ಮೀನಿಲ್ಲದ ಟ್ಯಾಂಕಿನ ಗಾಜಿನ ಮೇಲೆ ಬೆರಳಿಟ್ಟು ಕೂತಿದ್ದರು.

ಕೊನೆಗೆ ದೊಡ್ಡ ಟ್ಯಾಂಕಿನ ನೀರನ್ನೆಲ್ಲ ಖಾಲಿ ಮಾಡಲು ಹೇಳಿದೆ. ಸಂಜೀವಣ್ಣ ಮೊದಲ ಬಕೆಟ್ ತುಂಬಿಕೊಂಡು ಸ್ಟೋರ್ ರೂಮಿನಲ್ಲಿ ಹೊಸ ಮೀನುಗಳಿದ್ದ ಟ್ಯಾಂಕಿನ ಕಡೆ ಹೊರಟರು. ಓಡಿಹೋಗಿ ಕಸಿದುಕೊಂಡು ನಾನೇ ಮೋರಿಗೆ ಸುರಿದೆ. ಆಗ ಅವರು ನೋಡಿದ ನೋಟ ಹೇಗಿತ್ತೆಂದರೆ, ಮೀನುಗಳನ್ನೆಲ್ಲ ಕೊಂದವನು ನಾನೇ ಅನ್ನುವ ಹಾಗೆ.